ನಳಿನತ್ತೆಯ ಹಾಸಿಗೆ

ನಾನು ಮಲಗುತ್ತಿದ್ದ ಕೋಣೆಗೆ ಒಂದು ಬಾಗಿಲು, ಒಂದು ಕಿಟಕಿ, ಕಿಟಕಿಯ ಮೇಲೆ ಸೂರಿಗೆ ಒಂದು ಗೇಣು ಕೆಳಗೆ ಒಂದು ಗವಾಕ್ಷಿ. ಬನಶಂಕರಿ ಎರಡನೇ ಸ್ಟೇಜಿನ ಆ ಮನೆಯನ್ನು ಕೆಡವಿ ಈಗ ನಾಲ್ಕು ಮಹಡಿ ಎಬ್ಬಿಸಿದ್ದಾರೆ. ಕೋಣೆ ಇದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಆದರೂ ಅದರ ಅಳತೆ ನನಗೆ ನೆನಪಿದೆ. ಬಾಗಿಲಿನಿಂದ ಮಂಚಕ್ಕೆ ನನ್ನ ಆಗಿನ ಹೆಜ್ಜೆಯಲ್ಲಿ ಆರು. ಮಂಚ ತಾತನದು, ಬೀಟೆ ಮರದ್ದು. ಅದರ ತಲೆಯ ಕಡೆಯ ಗೋಡೆಯ ಮೇಲೆ ತಾತನ ಫೋಟೋ ಇತ್ತು. ಕರಿ ಕೋಟು, ಜರಿ ಪೇಟ, ತುಟಿ ಬಿಗಿದ ಮುಖ. ಕೆಳಗೆ ಎರಡು ದಪ್ಪ ಮೊಳೆಗಳ ಮೇಲೆ ಅದನ್ನು ಕೂರಿಸಿ, ಮೇಲೆ ತಂತಿ ಕಟ್ಟಿ, ಮುಂದಕ್ಕೆ ಬಾಗಿಸಿದ್ದರು. ಮಂಚದಲ್ಲಿ ಮಲಗಿದವರನ್ನು ತಾತ ಬಗ್ಗಿ ನೋಡುತ್ತಿದ್ದಂತೆ ಕಾಣುತ್ತಿತ್ತು. ಹಾಗೆ ಬಾಗಿದ್ದರಿಂದ ಫೋಟೋದ ಮೇಲುಭಾಗಕ್ಕೂ ಗೋಡೆಗೂ ನಡುವೆ ಒಂದು ಅಂಗೈ ಅಗಲದ ಸಂದು ಉಳಿದಿತ್ತು. ಆ ಸಂದಿನಲ್ಲಿ ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಗುಬ್ಬಿಗಳು ಗೂಡು ಕಟ್ಟುತ್ತಿದ್ದವು. ಗವಾಕ್ಷಿಯಿಂದ ಒಳಗೆ ಬಂದು, ಪೊರಕೆಯ ಕಡ್ಡಿ, ದಾರದ ತುಂಡು, ಅಮ್ಮನ ತಲೆಕೂದಲು, ಏನು ಸಿಕ್ಕರೆ ಅದನ್ನು ಒಯ್ದು ತುರುಕುತ್ತಿದ್ದವು. ಅಜ್ಜಿಗೆ ಅದರಿಂದ ಸಂತೋಷವೇ. ಗುಬ್ಬಿ ಸಂಸಾರ ಹೂಡಿದ ಮನೆ ಕೆಡುವುದಿಲ್ಲ ಎಂದು ಆಕೆ ನಂಬಿದ್ದಳು. ಅದೂ ತನ್ನ ಗಂಡನ ಬೆನ್ನ ಹಿಂದೆ ಹೂಡಿದ್ದು.

ಆ ಫೋಟೋ ಮುಟ್ಟುವುದಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ವರ್ಷಕ್ಕೆ ಒಂದೇ ಸಲ, ತಾತನ ತಿಥಿಯ ಬೆಳಿಗ್ಗೆ, ಅಪ್ಪ ಸ್ನಾನ ಮಾಡಿ ಮಡಿ ಪಂಚೆ ಉಟ್ಟು ಅದನ್ನು ಇಳಿಸಬೇಕು. ಒರೆಸಿ, ಗಂಧ ಹಚ್ಚಿ, ತುಳಸಿ ಹಾರ ಹಾಕಿ, ಮಣೆಯ ಮೇಲೆ ಇಡಬೇಕು. ಸಂಜೆ ಮತ್ತೆ ಗೋಡೆಗೆ ಏರಿಸಬೇಕು. ಉಳಿದ ದಿನ ಅಮ್ಮ ಕೋಲಿಗೆ ಬಟ್ಟೆ ಸುತ್ತಿ ಕೆಳಗಿನಿಂದಲೇ ಗಾಜು ಒರೆಸುತ್ತಿದ್ದಳು. ನಾನು ಒಮ್ಮೆ ಯಾಕೆಂದು ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು ಇಷ್ಟು:

"ಕೂತೋರನ್ನ ಪದೇ ಪದೇ ಏಳಿಸ್ಬಾರ್ದು ಕಣೇ."

ನಳಿನತ್ತೆ ಬಂದದ್ದು ಒಂದು ಚೈತ್ರದಲ್ಲಿ. ಆಕೆ ಅಪ್ಪನ ಒಬ್ಬಳೇ ತಂಗಿ. ಗಂಡನ ಮನೆಯಲ್ಲಿ ಆರು ವರ್ಷವಿದ್ದು, ಒಂದು ದಿನ ಒಂದು ಟ್ರಂಕು, ಒಂದು ಸುತ್ತಿದ ಹಾಸಿಗೆಯೊಂದಿಗೆ ಆಟೋದಿಂದ ಇಳಿದಳು. ಯಾಕೆ ಬಂದಳೆಂದು ನನಗೆ ಯಾರೂ ಹೇಳಲಿಲ್ಲ. ವಾಪಸು ಹೋಗುವುದಿಲ್ಲ ಎಂಬುದು ಮಾತ್ರ ಆ ಹಾಸಿಗೆಯಿಂದ ಎಲ್ಲರಿಗೂ ತಿಳಿಯಿತು. ಅದು ಅವಳ ಮದುವೆಗೆ ಅಜ್ಜಿಯೇ ಬೂರುಗದ ಹತ್ತಿ ತರಿಸಿ ಹೊಲಿಸಿಕೊಟ್ಟ ಹಾಸಿಗೆ. ಕೊಟ್ಟಿದ್ದನ್ನು ಮಗಳು ಹೊತ್ತುಕೊಂಡು ಬಂದಾಗ ಅಜ್ಜಿ ಅದರ ಕಡೆ ನೋಡಲಿಲ್ಲ. ಮನೆಯಲ್ಲಿ ಬೇರೆ ಕೋಣೆ ಇರಲಿಲ್ಲವಾದ್ದರಿಂದ ಅತ್ತೆ ನನ್ನ ಕೋಣೆಗೆ ಬಂದಳು. ಮಂಚ ನನಗೇ ಬಿಟ್ಟು, ಬಾಗಿಲ ಪಕ್ಕ ನೆಲದ ಮೇಲೆ ಹಾಸಿಕೊಂಡಳು. ತಿಂಗಳೊಳಗೆ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಜೀವಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕಪ್ಪೆ, ಜಿರಳೆಗಳನ್ನು ಎಣಿಸಿ ಇಡುವುದು, ಗಾಜಿನ ಪಟ್ಟಿಗಳನ್ನು ತೊಳೆಯುವುದು. ಸಂಜೆ ಬಂದಾಗ ಅವಳ ಸೀರೆಯಿಂದ ಒಂದು ಘಾಟು ಬರುತ್ತಿತ್ತು. ಅಮ್ಮ ಅದಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನನಗೆ ಅದು ಇಷ್ಟವಾಗುತ್ತಿತ್ತು.

ಕಡಿತ ಶುರುವಾದದ್ದು ವೈಶಾಖದ ನಡುವೆ. ಬೆಳಿಗ್ಗೆ ಎದ್ದಾಗ ಕತ್ತಿನ ಹಿಂದೆ, ಭುಜದ ಮೇಲೆ, ಮೊಳಕೈಗಿಂತ ಮೇಲೆ ಕೆಂಪು ಗುಳ್ಳೆಗಳು. ಸಾಸಿವೆಯಷ್ಟು, ನಡುವೆ ಚುಕ್ಕಿ, ತಡೆಯಲಾರದ ತುರಿಕೆ. ಅಜ್ಜಿ ಮೊದಲು ಪಿತ್ತದ ಗಂಧೆ ಎಂದಳು. ಹುಣಸೆಹಣ್ಣು ಬಿಡಿಸಿ ಮೂರು ದಿನ ಮೆಣಸಿನ ಸಾರು ಅನ್ನ ಹಾಕಿದರು. ಆಮೇಲೆ ಸೊಳ್ಳೆ ಎಂದುಕೊಂಡು ಪರದೆ ಕಟ್ಟಿದರು. ಪರದೆಯೊಳಗೂ ಕಚ್ಚಿತು. ಅಮ್ಮ ಪ್ರತಿದಿನ ಹಿತ್ತಲ ಮೆಟ್ಟಿಲ ಮೇಲೆ, ಬೆಳಕಿಗೆ ಬೆನ್ನು ಮಾಡಿಸಿ, ನನ್ನ ಜಂಪರು ಎತ್ತಿ ಎಣಿಸುತ್ತಿದ್ದಳು. ಬೆರಳ ತುದಿಯಲ್ಲಿ ಕೊಬ್ಬರಿಎಣ್ಣೆ ಅದ್ದಿ ಒಂದೊಂದಕ್ಕೂ ಮುಟ್ಟಿಸುತ್ತಿದ್ದಳು. ಹದಿನಾಲ್ಕು, ಹತ್ತೊಂಬತ್ತು, ಇಪ್ಪತ್ತಮೂರು. ಕೊನೆಗೆ ಬೀದಿ ಮೂಲೆಯ ಡಾಕ್ಟರು ನೋಡಿ, ತಿಗಣೆ ಇರಬೇಕು, ಹಾಸಿಗೆ ಬಿಸಿಲಿಗೆ ಹಾಕಿ ಎಂದರು. ಹೇಳುತ್ತ ಅವರು ಸುಮ್ಮನೆ ಇನ್ನೊಂದು ಮಾತು ಕೇಳಿದರು: ಮನೆಗೆ ಹೊರಗಿನಿಂದ ಹಾಸಿಗೆ ಏನಾದರೂ ಬಂದಿದೆಯಾ?

ಮನೆಗೆ ಬಂದವಳೇ ಅಮ್ಮ ಅತ್ತೆಯ ಹಾಸಿಗೆಯನ್ನು ದರದರ ಎಳೆದು ತಾರಸಿಗೆ ಹಾಕಿದಳು. ಅಂದಿನಿಂದ ಎರಡು ವಾರ ಮನೆಗೆ ಬೇರೆ ಕೆಲಸವಿರಲಿಲ್ಲ. ಹಂಡೆಯಲ್ಲಿ ನೀರು ಕುದಿಸಿ ಹೊದಿಕೆಗಳನ್ನು ಮುಳುಗಿಸುವುದು, ಮಂಚದ ಕೀಲುಗಳಿಗೆ ಸೀಮೆಎಣ್ಣೆ ಬಿಡುವುದು, ದಿಂಬಿನ ಹೊಲಿಗೆ ಬಿಚ್ಚಿ ಹುಡುಕುವುದು, ಸಂಜೆ ಎಲ್ಲ ಕೆಳಗೆ ಹೊತ್ತು ತರುವುದು. ಒಂದೇ ಒಂದು ತಿಗಣೆ ಸಿಗಲಿಲ್ಲ. ಕಡಿತ ನಿಲ್ಲಲಿಲ್ಲ. ಅಮ್ಮನ ಕಣ್ಣ ಕೆಳಗೆ ಕಪ್ಪಾಯಿತು. ಅವಳನ್ನು ಕೆಟ್ಟವಳೆಂದು ಬರೆಯಲು ನನಗೆ ಮನಸ್ಸಿಲ್ಲ. ಐದು ಜನರ ಅಡುಗೆ, ಬಟ್ಟೆ, ಮೇಲೆ ಇದು. ಒಂದು ಬೆಳಿಗ್ಗೆ ಅವಳು ರೊಟ್ಟಿ ತಟ್ಟುತ್ತ ಹೇಳಿದಳು:

"ಕೈ ಎಷ್ಟು ತೊಳೆದ್ರೂ ಸೀಮೆಎಣ್ಣೆ ವಾಸ್ನೆ ಹೋಗಲ್ಲ. ಹಿಟ್ಟಿಗೂ ಅದೇ. ನಂಗೆ ಸಾಕಾಗಿದೆ ನಳಿನಿ."

"ನಾನು ತಟ್ತೀನಿ ಕೊಡಿ ಅತ್ತಿಗೆ."

"ಬೇಡಮ್ಮ. ನಿಂಗೆ ಕಾಲೇಜಿಗೆ ಹೊತ್ತಾಗತ್ತೆ. ಅಲ್ಲ, ಅವಳಿಗೆ ಮೈಯೆಲ್ಲ ಕಚ್ಚತ್ತೆ, ಅದೇ ಕೋಣೇಲಿ ನಿಂಗೆ ಎರಡೋ ಮೂರೋ ಅಷ್ಟೆ. ಅದು ಹ್ಯಾಗೆ?"

"ನಂಗೂ ಅದೇ ಯೋಚ್ನೆ."

"ಯೋಚ್ನೆ ಏನಿದೆ ಅದ್ರಲ್ಲಿ? ಸಾಕಿದೋರನ್ನ ಕಚ್ಚಲ್ಲ."

ಅಪ್ಪ ಪೇಪರಿನ ಹಿಂದೆ ಇದ್ದರು. ಪೇಪರು ಅಲುಗಿತು, ಇಳಿಯಲಿಲ್ಲ. ಅದೇ ವಾರ ಅತ್ತೆಯ ಹಾಸಿಗೆಯನ್ನು ಹಿತ್ತಲಲ್ಲಿ ಸುಟ್ಟರು. ಬೂರುಗದ ಹತ್ತಿ ಉರಿದು ಹೋಗುವುದಿಲ್ಲ, ಒಳಗೊಳಗೇ ಬೇಯುತ್ತದೆ. ಎರಡು ದಿನ ಹೊಗೆಯಾಡಿತು. ಅತ್ತೆ ಚಾಪೆಯ ಮೇಲೆ ಮಲಗಿದಳು. ಮೂರನೆಯ ಬೆಳಿಗ್ಗೆ ಅಮ್ಮ ಎಣಿಸಿದಾಗ ನನ್ನ ಬೆನ್ನ ಮೇಲೆ ಹದಿನೇಳು ಹೊಸವು. ಹಾಸಿಗೆಯಲ್ಲದಿದ್ದರೆ ಟ್ರಂಕು ಎಂದು ಅಮ್ಮ ಅಪ್ಪನಿಗೆ ಹೇಳುವುದು ಕೇಳಿಸಿತು. ಟ್ರಂಕನ್ನು ಸುಡಲಾಗುವುದಿಲ್ಲ. ಹಾಗಾದರೆ ಉಳಿದದ್ದು ಏನು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಹೋಗುವುದಕ್ಕೆ ಅವಳಿಗೆ ಬೇರೆ ಮನೆ ಇರಲಿಲ್ಲ.

ಆ ಭಾನುವಾರ ಮಧ್ಯಾಹ್ನ, ಊಟವಾಗಿ ಎಲ್ಲರೂ ಮಲಗಿದ್ದಾಗ, ಅತ್ತೆ ಕೋಣೆಯ ಬಾಗಿಲು ಮುಂದೆ ಮಾಡಿದಳು. ಬ್ಯಾಗಿನಿಂದ ಲ್ಯಾಬಿನ ಭೂತಗನ್ನಡಿ ತೆಗೆದಳು, ಒಂದು ಬಿಳಿ ಹಾಳೆ, ಒಂದು ಸೆಲೋಟೇಪು. ನನ್ನನ್ನು ಕಿಟಕಿಯ ಹತ್ತಿರ ಕೂರಿಸಿದಳು.

"ಕಾಲಿಗೆ ಕಚ್ಚಿದೆಯಾ?"

"ಇಲ್ಲ."

"ಸೊಂಟದಿಂದ ಕೆಳಗೆ ಎಲ್ಲೂ ಇಲ್ವಾ?"

"ಇಲ್ಲ ಅತ್ತೆ."

"ತಿಗಣೆ ಆದ್ರೆ ಸಾಲಾಗಿ ಕಚ್ಚತ್ತೆ. ಹೊದಿಕೆ ಮೇಲೆ ರಕ್ತದ ಚುಕ್ಕಿ ಬಿಡತ್ತೆ. ಒಂಥರಾ ವಾಸ್ನೆ ಬರತ್ತೆ."

"ಸೀಮೆಎಣ್ಣೆ ವಾಸ್ನೆ ಬರತ್ತೆ."

"ಅದು ತಿಗಣೇದಲ್ಲ, ನಿಮ್ಮಮ್ಮಂದು," ಎಂದು ನಕ್ಕಳು. ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ತಲೆಯೆತ್ತಿ ಫೋಟೋ ನೋಡಿದಳು. "ಗುಬ್ಬಿ ಮರಿಗಳ ಗಲಾಟೆ ಯಾವತ್ತು ನಿಂತಿತು?"

ಅದು ನನ್ನ ಬಳಿ ಇತ್ತು. ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮರಿಗಳು ಹಾರಿಹೋದ ದಿನ ಬರೆದಿದ್ದೆ, ಬೇಜಾರಾಗಿತ್ತು ಎಂದು. ಅಮ್ಮ ಮೊದಲು ನನ್ನ ಬೆನ್ನಿಗೆ ಎಣ್ಣೆ ಹಚ್ಚಿದ್ದು ಅದಕ್ಕೆ ಎರಡು ದಿನದ ನಂತರ. ಅತ್ತೆ ನಾನು ಬರೆದ ದಿನದ ಮೇಲೆ ಬೆರಳಿಟ್ಟು ಆ ಎರಡು ದಿನವನ್ನು ಎಣಿಸಿದಳು. ಆಮೇಲೆ ಮಂಚದ ಮೇಲೆ ನಿಂತು, ಫೋಟೋವನ್ನು ಮುಟ್ಟದೆ, ಅದರ ಕೆಳಗೆ ಗೋಡೆಗೆ ಹಾಳೆ ಒತ್ತಿ ಹಿಡಿದು, ಪಕ್ಕದ ಗೋಡೆಯನ್ನು ನನ್ನ ಸ್ಕೇಲಿನಿಂದ ಮೆಲ್ಲಗೆ ತಟ್ಟಿದಳು. ಹಾಳೆಯ ಮೇಲೆ ಬೂದು ಧೂಳು ಬಿತ್ತು. ಅವಳು ಅದನ್ನು ಕಿಟಕಿಯ ಬೆಳಕಿಗೆ ತಂದಳು. ಧೂಳು ನಡೆಯಿತು.

ಭೂತಗನ್ನಡಿಯನ್ನು ಅವಳೇ ಹಿಡಿದಳು, ನಾನು ಬಗ್ಗಿ ನೋಡಿದೆ. ಗಸಗಸೆ ಕಾಳಿಗಿಂತ ಸಣ್ಣ ಜೀವಗಳು, ಎಂಟೆಂಟು ಕಾಲು, ಕೆಲವು ಬಿಳಿಚಿದವು, ಕೆಲವು ಹೊಟ್ಟೆಯಲ್ಲಿ ಕೆಂಪು ತುಂಬಿದವು. ಆ ಕೆಂಪು ನನ್ನದು ಎಂದು ಅತ್ತೆ ಹೇಳಿದಳು. ಅವು ನುಸಿ, ಹಕ್ಕಿಯ ಮೈಮೇಲೆ ಬದುಕುತ್ತವೆ. ಮರಿಗಳು ಹಾರಿಹೋದರೆ ಗೂಡಿನಲ್ಲಿ ಹಸಿದು ಕೆಳಗಿಳಿಯುತ್ತವೆ. ಕೆಳಗೆ ನನ್ನ ತಲೆ. ಬಾಗಿಲ ಪಕ್ಕ ಮಲಗಿದವಳವರೆಗೆ ಬರುವಷ್ಟು ಅವಕ್ಕೆ ತ್ರಾಣವಿಲ್ಲ. ಅವಳು ಸೆಲೋಟೇಪಿನಿಂದ ಕೆಲವನ್ನು ಹಾಳೆಗೆ ಅಂಟಿಸಿದಳು.

ಸಂಜೆ ಉಪ್ಪಿಟ್ಟಿನ ಹೊತ್ತಿಗೆ ಅತ್ತೆ ನಡುಮನೆಯಲ್ಲಿ ಎಲ್ಲರ ಮುಂದೆ ಆ ಹಾಳೆ ಇಟ್ಟಳು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಭೂತಗನ್ನಡಿಯನ್ನು ಕಣ್ಣಿಗೇ ಹತ್ತಿಸಿಕೊಂಡು ಏನೂ ಕಾಣುವುದಿಲ್ಲ ಎಂದಳು. ಅಪ್ಪ ಬರಿಗಣ್ಣಲ್ಲೇ ನೋಡಿ, ಚುಕ್ಕಿಯೇನೋ ಕಾಣತ್ತೆ ಎಂದರು. ಟೇಪಿಗೆ ಅಂಟಿ ಎಲ್ಲ ಸತ್ತಿದ್ದವು, ಒಂದೂ ನಡೆಯುತ್ತಿರಲಿಲ್ಲ.

"ಧೂಳು ಅಂಟಿಸಿ ಹುಳ ಅಂದ್ರೆ ನಾವೇನು ಮಾಡ್ಬೇಕು?" ಎಂದಳು ಅಮ್ಮ.

"ಫೋಟೋ ಇಳಿಸಿ ಅತ್ತಿಗೆ. ಹಿಂದೆ ನೋಡಿದ್ರೆ ಗೊತ್ತಾಗತ್ತೆ. ಐದು ನಿಮಿಷ."

ಅಜ್ಜಿ ಭೂತಗನ್ನಡಿಯನ್ನು ನೆಲದ ಮೇಲೆ ಇಟ್ಟಳು. "ತಿಥಿಗೆ ಇನ್ನೂ ಒಂದೂವರೆ ತಿಂಗ್ಳಿದೆ."

"ಅಮ್ಮಾ, ಮಗು ಮೈ ನೋಡು."

"ನೋಡಿದ್ದೀನಿ. ನಿನ್ನ ಹಾಸಿಗೆ ಮಾನ ಉಳಿಸ್ಕೊಳಕ್ಕೆ ನಿಮ್ಮಪ್ಪನ್ನ ಹುಳ ಬಿದ್ದೋರು ಅಂತ ಮಾಡ್ತೀಯೇನೇ? ಬದುಕಿದ್ದಾಗ ಒಂದು ದಿನ ಸ್ನಾನ ತಪ್ಪಿಸ್ದೋರಲ್ಲ." ಅಜ್ಜಿಯ ಧ್ವನಿ ಏರಲಿಲ್ಲ. ನನ್ನ ಕಡೆ ತಿರುಗಿದಳು. "ಏ, ನೀನೂ ನೋಡ್ದ್ಯಾ ಹುಳಾನ?"

ಈ ಪ್ರಸಂಗವನ್ನು ಹೇಳಿದಾಗಲೆಲ್ಲ ನಾನು ನನ್ನ ವಯಸ್ಸನ್ನು ಒಂದೆರಡು ವರ್ಷ ಇಳಿಸಿದ್ದೇನೆ. ನನಗೆ ಆಗ ಹನ್ನೊಂದು ತುಂಬಿತ್ತು. ಕೇಳಿದ್ದು ಅರ್ಥವಾಗಿತ್ತು. ಅಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದು ಹೇಗಾದರೂ ಮುಗಿದರೆ ಸಾಕು ಎನ್ನುವ ಆಯಾಸವಿತ್ತು. ನಾನು ಅವಳನ್ನು ನೋಡಿಯೇ ಉತ್ತರ ಕೊಟ್ಟೆ.

"ಇಲ್ಲ ಅಜ್ಜಿ. ನಾನು ಓದ್ಕೋತಾ ಇದ್ದೆ."

ಓದಿಕೊಳ್ಳುತ್ತಿದ್ದೆ ಎಂಬುದನ್ನು ಯಾರೂ ಕೇಳಿರಲಿಲ್ಲ. ಅದನ್ನು ನಾನೇ ಸೇರಿಸಿದೆ, ನಂಬಲಿ ಎಂದು. ಅತ್ತೆ ನನ್ನನ್ನು ಒಮ್ಮೆ ನೋಡಿದಳು. ಅವಳು ಬಾಯಿ ತೆರೆಯುತ್ತಾಳೆ, ಈಗ ಹೇಳಿಬಿಡುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಉಪ್ಪಿಟ್ಟು ತಿಂದು ಮುಗಿಸಿದಳು. ತಟ್ಟೆಯನ್ನೂ ತೊಳೆದಿಟ್ಟಳು.

ಹತ್ತು ದಿನದಲ್ಲಿ ಪದ್ಮನಾಭನಗರದಲ್ಲಿ ಯಾರದೋ ಮನೆಯ ಮಹಡಿಯ ಮೇಲೆ ಒಂದು ಕೋಣೆ ಗೊತ್ತಾಯಿತು. ಅಪ್ಪ ಟ್ರಂಕನ್ನು ಆಟೋಗೆ ಹತ್ತಿಸಿ, ತಾವೂ ಜೊತೆಗೆ ಹೋಗಿ ಬಂದರು. ಬಂದು ಕೈಕಾಲು ತೊಳೆದು, ಕೋಣೆಗೆ ಗಾಳಿ ಚೆನ್ನಾಗಿದೆ ಎಂದರು.

ಅತ್ತೆ ಹೋದ ಮೇಲೂ ಕಚ್ಚಿತು. ಗುಬ್ಬಿಗಳು ಎರಡನೇ ಸಲ ಮೊಟ್ಟೆಯಿಟ್ಟಿದ್ದವು, ಮತ್ತೆ ಫೋಟೋದ ಹಿಂದೆ ಚಿಲಿಪಿಲಿ ಕೇಳುತ್ತಿತ್ತು. ಮರಿಗಳಿದ್ದಷ್ಟು ದಿನ ಕಡಿತ ಕಡಿಮೆಯಾಯಿತು. ಅಮ್ಮ ಅದನ್ನೇ ಹಿಡಿದು, ನೋಡಿದ್ಯಾ, ಹೋಯ್ತು ಎಂದಳು. ಮರಿಗಳು ಹಾರಿಹೋದವು, ಅದು ಮತ್ತೆ ಬಂತು. ಈ ಸಲ ಅಮ್ಮ ನನ್ನನ್ನು ಹಿತ್ತಲ ಮೆಟ್ಟಿಲಿಗೆ ಕರೆಯಲಿಲ್ಲ. ನಾನೂ ತೋರಿಸಲಿಲ್ಲ. ಸ್ಕೂಲಿಗೆ ಹೋಗುವ ಮುಂಚೆ ಎಣ್ಣೆಯ ಬಟ್ಟಲು ಮಾತ್ರ ನನ್ನ ಕೈಗೆ ಎಟುಕುವ ಕಡೆ ಇರುತ್ತಿತ್ತು. ಬೆನ್ನಿಗೆ ನಾನೇ ಹಚ್ಚಿಕೊಳ್ಳುತ್ತಿದ್ದೆ, ಕೈ ಹೋದಷ್ಟು. ನನಗೆ ಬೇಕಾದಾಗ ದೀಪ ಆರಿಸಬಹುದಿತ್ತು, ಬಾಗಿಲು ಹಾಕಿಕೊಳ್ಳಬಹುದಿತ್ತು. ಕೋಣೆ ಇಡಿಯಾಗಿ ನನ್ನದಾಗಿತ್ತು. ಅದು ನನಗೆ ಹಿತವಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಆಷಾಢದಲ್ಲಿ ತಾತನ ತಿಥಿ ಬಂತು. ಅತ್ತೆ ಬೆಳಿಗ್ಗೆ ಏಳಕ್ಕೇ ಬಂದು, ಸ್ನಾನ ಮಾಡಿ, ಅಂಬೊಡೆಗೆ ಬೇಳೆ ರುಬ್ಬಲು ಕೂತಳು. ಅಮ್ಮ ಮತ್ತು ಅವಳು ಉಪ್ಪು, ಕರಿಬೇವು ಎಂದಷ್ಟೇ ಮಾತಾಡುತ್ತಿದ್ದರು. ಶಾಸ್ತ್ರಿಗಳು ಬರುವುದಕ್ಕೆ ಅರ್ಧ ಗಂಟೆಯಿತ್ತು. ಅಪ್ಪ ಮಡಿ ಪಂಚೆಯುಟ್ಟು ಮಂಚದ ಮೇಲೆ ಹತ್ತಿ, ತಂತಿ ಬಿಡಿಸಿ, ಎರಡೂ ಕೈಯಲ್ಲಿ ಫೋಟೋ ಹಿಡಿದು ಎದೆಗೆ ಒರಗಿಸಿಕೊಂಡು ಇಳಿಸಿದರು. ಗೂಡು ಪೂರ್ತಿ ಅವರ ಮೈಮೇಲೆ ಬಿತ್ತು. ಕಡ್ಡಿ, ದಾರ, ಪುಕ್ಕ, ಕೂದಲು. ಪ್ರತಿ ವರ್ಷವೂ ಕಸ ಬೀಳುತ್ತಿತ್ತು, ಅಪ್ಪ ಕೊಡವಿಕೊಳ್ಳುತ್ತಿದ್ದರು. ಈ ಸಲ ಕೊಡವಿಕೊಳ್ಳಲು ಹೋದ ಕೈ ನಿಂತಿತು. ಬಿಳಿ ಪಂಚೆಯ ಮೇಲೆ ಬೂದು ಬಣ್ಣದ ಒಂದು ಪಟ್ಟೆ ಸೊಂಟದಿಂದ ಹೊಟ್ಟೆಯ ಕಡೆಗೆ ಹತ್ತುತ್ತಿತ್ತು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅಜ್ಜಿ ಏನಾಯಿತೆಂದು ಕೇಳುತ್ತಿದ್ದಳು. ಅತ್ತೆ ರುಬ್ಬುವ ಕೈಯನ್ನು ತೊಳೆಯದೆಯೇ ಓಡಿಬಂದಳು. ಪಂಚೆ ನೋಡಿದಳು, ಅಪ್ಪನ ಮುಖ ನೋಡಿದಳು.

"ಅಣ್ಣ, ಪಂಚೆ ಬಿಚ್ಚಿ ಹೊರಗೆ ಹಾಕು. ಹಂಡೇಲಿ ಬಿಸಿನೀರಿದೆ, ಇನ್ನೊಂದು ಸಲ ಸ್ನಾನ ಮಾಡ್ಬಿಡು. ಶಾಸ್ತ್ರಿಗಳು ಬಂದ್ರೆ ನಾನು ಕೂರಿಸಿರ್ತೀನಿ."

ಅಷ್ಟೇ ಅವಳು ಹೇಳಿದ್ದು. ಅಪ್ಪ ಫೋಟೋವನ್ನು ಅವಳ ಕೈಗೇ ಕೊಟ್ಟರು. ಅವಳು ಅದನ್ನು ಹಿತ್ತಲಿಗೆ ಒಯ್ದು, ಹಿಂದಿನ ರಟ್ಟನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಬಿಸಿಲಲ್ಲಿ ನಿಲ್ಲಿಸಿ, ಮುಂದಿನ ಗಾಜನ್ನು ತನ್ನ ಸೆರಗಿನಿಂದ ಒರೆಸಿದಳು. ಆ ವರ್ಷ ತಾತನ ಫೋಟೋವನ್ನು ಇಳಿಸಿದವರು ಅಪ್ಪ, ಮಣೆಯ ಮೇಲೆ ಇಟ್ಟವಳು ಅತ್ತೆ.

ಊಟದಲ್ಲಿ ಅಮ್ಮ ಅತ್ತೆಗೆ ಕೇಳದೆಯೇ ಎರಡನೇ ಸಲ, ಮೂರನೇ ಸಲ ಅಂಬೊಡೆ ಬಡಿಸಿದಳು. ಅವಳಿಗೆ ಬಂದ ಭಾಷೆ ಅದೊಂದೇ. ಎಲೆ ಎತ್ತಿದ ಮೇಲೆ, ಅಜ್ಜಿ ಅಪ್ಪ ಎಲ್ಲರೂ ನಡುಮನೆಯಲ್ಲಿರುವಾಗಲೇ, ಅಮ್ಮ ಸೆರಗಿಗೆ ಕೈ ಒರೆಸುತ್ತ ಹೇಳಿದಳು:

"ಆಷಾಢ ಒಂದು ಕಳೀಲಿ. ಸಾಮಾನು ತಂದ್ಬಿಡು ನಳಿನಿ. ಯಾಕೆ ಸುಮ್ನೆ ಅಲ್ಲಿ."

ಅಪ್ಪ, "ಹೌದೇ, ಬಂದ್ಬಿಡು," ಎಂದರು. ಅಜ್ಜಿ ಅಡಿಕೆ ಕತ್ತರಿಸುತ್ತಿದ್ದವಳು ನಿಲ್ಲಿಸಿದಳು.

"ನನ್ನ ಕೇಳಿದ್ರೆ ಏನು ಬಂತು ಅತ್ತಿಗೆ. ಕೋಣೆ ಅವಳ್ದು," ಎಂದು ಅತ್ತೆ ನನ್ನ ಕಡೆ ನೋಡಿದಳು. ತಮಾಷೆಗೆ ಕೇಳಿದಂತಿತ್ತು, ಆದರೆ ಕಣ್ಣು ತೆಗೆಯಲಿಲ್ಲ. "ಏನೇ? ಬರ್ಲಾ?"

"ಬೇಡ ಅತ್ತೆ," ಎಂದೆ.

ಅಮ್ಮ ನನ್ನ ತೋಳು ಚಿವುಟಿದಳು. "ಎಂಥ ಮನೆಹಾಳು ಬುದ್ಧಿ ನಿಂದು! ಮಂಚದ ಮೇಲೆ ಒಬ್ಳೇ ಹೊರಳಾಡ್ಬೇಕಾ?" ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೋಣೆ ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ. ಆದರೆ ಆ ಬೇಸಿಗೆಯಲ್ಲಿ ನಾನು ನೋಡಿದ್ದನ್ನೂ ನಾನು ನೋಡಿಯೇ ಇದ್ದೆ. ಆ ಮನೆಯಲ್ಲಿ ಮುಂದೆ ಏನು ಕೆಟ್ಟರೂ, ಹಾಲು ಒಡೆದರೂ, ನನಗೆ ಜ್ವರ ಬಂದರೂ, ಎಲ್ಲರ ಕಣ್ಣು ಮೊದಲು ಹೋಗುವುದು ಎತ್ತ ಎಂಬುದು ನನಗೆ ತಿಳಿದಿತ್ತು. ಆ ಒಂದು ಮಾತಿನಲ್ಲಿ ಎರಡೂ ಇದ್ದವು. ಯಾವುದು ಎಷ್ಟು ಎಂದು ನಲವತ್ತು ವರ್ಷವಾಗುತ್ತ ಬಂದರೂ ನನಗೆ ಬಿಡಿಸಿ ಹೇಳಲು ಬಂದಿಲ್ಲ.

"ಬಿಡಿ ಅತ್ತಿಗೆ. ಕೇಳಿದ್ದಕ್ಕೆ ಹೇಳಿದ್ಲು," ಎಂದು ಅತ್ತೆ ಎದ್ದಳು.

ಅವಳ ಡಬ್ಬಿಗೆ ಅಮ್ಮ ಅಂಬೊಡೆ, ಎಳ್ಳುಂಡೆ ತುಂಬಿಕೊಟ್ಟಳು. ಬಸ್‌ಸ್ಟಾಪಿನವರೆಗೆ ಬಿಟ್ಟು ಬರಲು ನನ್ನನ್ನು ಕಳಿಸಿದರು. ಡಬ್ಬಿ ನನ್ನ ಕೈಯಲ್ಲಿತ್ತು, ಇನ್ನೂ ಬಿಸಿಯಾಗಿತ್ತು. ಸ್ಟಾಪಿನ ಹತ್ತಿರ ಬಂದಾಗ ನಾನೇ ಹೇಳಿದೆ:

"ಅವತ್ತು ನಾನು ನೋಡಿದ್ದೆ ಅತ್ತೆ."

"ಗೊತ್ತಲ್ಲೇ. ಕನ್ನಡಿ ಹಿಡಿದಿದ್ದೋಳು ನಾನು."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ? ಇವಳೂ ನೋಡಿದ್ಲು, ಸುಳ್ಳು ಹೇಳ್ತಿದಾಳೆ ಅಂತ?"

ಅತ್ತೆ ಬಸ್ಸು ಬರುವ ದಿಕ್ಕಿಗೆ ನೋಡುತ್ತಿದ್ದಳು. ಉತ್ತರವನ್ನು ಹುಡುಕಿದಂತೆ ಕಾಣಲಿಲ್ಲ.

"ನೀನು ಆ ಮನೇಲಿ ಇರ್ಬೇಕಲ್ಲೇ," ಎಂದಳು.

ಬಸ್ಸು ಬಂತು. ಡಬ್ಬಿ ಇಸಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತುಕೊಂಡಳು.